ಆದೆಮ್ಮನ ಹೊಲದ ಯಥಾಸ್ಥಿತಿ

ಯರಗುಂಟಿಯ ಆದೆಮ್ಮ ಈ ಊರಿಗೆ ಸೊಸೆಯಾಗಿ ಬಂದು ಮೂವತ್ತೊಂದು ವರ್ಷವಾಯಿತು. ಇಷ್ಟು ವರ್ಷದಲ್ಲಿ ಅಂಗಡಿಯಿಂದ ಏನೆಲ್ಲ ಕೊಂಡಿದ್ದೀ ಎಂದು ಕೇಳಿದರೆ ಬೆರಳು ಮಡಿಚಿ ಹೇಳುತ್ತಾಳೆ: ಸಕ್ಕರೆ, ಚಹಾಪುಡಿ, ಸೀರೆ, ಒಂದು ಮಿಕ್ಸರ್, ಎರಡು ಮೊಬೈಲು, ಗಂಡನ ಮೊಣಕಾಲಿಗೆ ಹಚ್ಚುವ ಮುಲಾಮು. ಜೋಳ ಮಾತ್ರ ಒಂದು ಹಿಡಿಯೂ ಕೊಂಡಿಲ್ಲ. ತನ್ನ ಹೊಲದ ಬಿಳಿಜೋಳ, ತನ್ನ ಕೈಯ ರೊಟ್ಟಿ. ಮಗಳು ಅನ್ನಪೂರ್ಣಳನ್ನು ಮಾನ್ವಿ ಕಡೆಯ ಕುರ್ಡಿಗೆ ಕೊಟ್ಟಿದ್ದಾರೆ. ಬೀಗರದು ನೀರಾವರಿ ಹೊಲ, ಬರೀ ಭತ್ತ, ಮೂರು ಹೊತ್ತೂ ಅನ್ನ. ನಾಲಗೆ ಸಪ್ಪಗಾಗಿದೆ ಎಂದು ಆ ಹುಡುಗಿ ಫೋನಿನಲ್ಲಿ ಒಮ್ಮೆ ರಾಗ ಎಳೆದರೆ ಸಾಕು, ತಾಯಿಯ ಕರುಳು ಚುರ್ ಎನ್ನುತ್ತದೆ. ಅದಕ್ಕೇ ಪ್ರತಿ ವರ್ಷ ರಾಶಿ ಮುಗಿದ ಮೇಲೆ ಎರಡು ಚೀಲ ಜೋಳ ಬಸ್ಸು ಬದಲಿಸುತ್ತ ಕುರ್ಡಿ ಮುಟ್ಟುತ್ತವೆ, ಜೊತೆಗೆ ಹಂಪಣ್ಣನೂ ಹೋಗುತ್ತಾನೆ.

ಹಂಪಣ್ಣ ಎಂದರೆ ಆದೆಮ್ಮನ ಗಂಡ. ಒಳ್ಳೆಯ ಮನುಷ್ಯ, ಆ ಮಾತಿಗೆ ಎರಡಿಲ್ಲ. ಆದರೆ ಯಾರಾದರೂ "ಮಾವ, ನಿಮ್ಮಂಥ ದೊಡ್ಡ ಮನಸಿನೋರು ಊರಾಗ ಇಲ್ಲ ನೋಡ್ರಿ" ಎಂದರೆ ಮುಗಿಯಿತು, ಉಟ್ಟ ಧೋತರ ಬಿಚ್ಚಿ ಕೊಟ್ಟಾನು. ಮೂಗಿಗೆ ತುಪ್ಪ ಹಚ್ಚುವವರಿಗೆ ಇಂಥವರ ಮನೆ ಬೇಗ ಸಿಗುತ್ತದೆ.

ಈ ಸಲ ಸೆಪ್ಟೆಂಬರಿನಲ್ಲಿ ಮಳೆ ಮೂರು ದಿನ ಬಿಡಲಿಲ್ಲ. ಹಳ್ಳ ಉಕ್ಕಿ ಹೊಲಗಳ ಮೇಲೆ ಹರಿದು, ಇಳಿಯುವ ಹೊತ್ತಿಗೆ ಊರ ಹತ್ತಿಯೆಲ್ಲ ಕೊಳೆತು ಕಪ್ಪಾಗಿತ್ತು. ಇದರಲ್ಲಿ ಸುಳ್ಳಿಲ್ಲ. ಯರಗುಂಟಿಯವರಿಗೆ ಆದ ಲುಕ್ಸಾನು ಖರೇ ಲುಕ್ಸಾನು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಅವರು ಆಡಿದ ಆಟ ನೋಡಿ ನೀವು ಹತ್ತಿಯೇ ಬೆಳೆದಿರಲಿಲ್ಲ ಎಂದುಕೊಂಡೀರಿ. ಆದೆಮ್ಮನ ಮೂರೂವರೆ ಎಕರೆಯಲ್ಲಿ ಎರಡು ಎಕರೆ ಹತ್ತಿ ಹೋಯಿತು. ಉಳಿದ ಒಂದೂವರೆ ಎಕರೆಯಲ್ಲಿ ಹೆಸರಿನ ಬೆಳೆ ಕಿತ್ತು ಜೋಳಕ್ಕೆಂದು ಹರಗಿ ಇಟ್ಟಿದ್ದಳು. ಅದರ ಮೇಲೂ ಹಳ್ಳ ತಂದ ರೇವೆ ಮಣ್ಣು ಕೂತಿತ್ತು. ಆದರೆ ಕಪ್ಪು ಯರಿ ನೆಲ, ಹಸಿ ಹಿಡಿದಿತ್ತು. ರೇವೆ ಕೆದರಿ ಬಿತ್ತಿದರೆ ಇಂಥ ವರ್ಷವೇ ಜೋಳ ಆಳೆತ್ತರ ಏಳುತ್ತದೆಂದು ಆಕೆಗೆ ಗೊತ್ತಿತ್ತು.

ಸರಕಾರ ಪರಿಹಾರ ಕೊಡುತ್ತೇನೆಂದಿತು. ಗ್ರಾಮ ಲೆಕ್ಕಿಗ ಶೇಷಗಿರಿ ಬಂದ. ದಿನಾ ರಾಯಚೂರಿನಿಂದ ಬಸ್ಸಿಗೆ ಬಂದು ಹೋಗುವ ಮನುಷ್ಯ, ಹಣೆಯ ಮೇಲೆ ಅಂಗಾರ ಅಕ್ಷತೆ, ಮಾತಿನಲ್ಲಿ ಬೆಣ್ಣೆ. ಅವನ ಹುದ್ದೆಯ ಹೆಸರನ್ನು ಸರಕಾರ ಬದಲಾಯಿಸಿದೆ, ಊರವರು ಬದಲಾಯಿಸಿಲ್ಲ. ಹೊಲ ಹೊಲ ತಿರುಗಿ ಫೋಟೋ ಹೊಡೆದುಕೊಂಡು ಹೋದ. ಹತ್ತು ದಿನ ಬಿಟ್ಟು ಮತ್ತೆ ಬಂದು, ಪಂಚಾಯ್ತಿ ಕಟ್ಟೆಯ ಮೇಲೆ ಜನ ಕೂಡಿಸಿ ಹೇಳಿದ: "ಮ್ಯಾಲಿಂದ ಒಂದು ತಂಡ ಬರೋದದ. ಲುಕ್ಸಾನು ಖರೇ ಆಗ್ಯದೋ ಇಲ್ಲೋ ಅಂತ ಕಣ್ಣಾರೆ ನೋಡ್ತಾರ. ಊರಿಗೆ ಒಂದು ಹೊಲ ತೋರಿಸಬೇಕು. ಆ ಹೊಲಾ ಅವರು ಬರೋತನ ಯಥಾಸ್ಥಿತಿ ಇರಬೇಕು."

"ಎತ್ತಾಸ್ತಿ ಅಂದ್ರ?" ಎಂದ ಹಂಪಣ್ಣ. "ಎತ್ತಿಗೂ ಪರಿಹಾರ ಅದೇನ್ರಿ?"

ಜನ ನಕ್ಕರು. ಶೇಷಗಿರಿ ಬಿಡಿಸಿ ಹೇಳಿದ: ಇದ್ದದ್ದು ಇದ್ದ ಹಾಗೆ ಇರಬೇಕು, ಹರಗಬಾರದು, ಬಿತ್ತಬಾರದು, ಕೊಳೆತ ಹತ್ತಿ ಕೀಳಬಾರದು. ಹೆಚ್ಚೆಂದರೆ ಎಂಟು ದಿನ.

ಯಾರ ಹೊಲ? ಎಲ್ಲರೂ ಪಕ್ಕದವನ ಮುಖ ನೋಡಿದರು. ಆಗ ಎದ್ದವನು ಪಂಚಾಯ್ತಿ ಮೆಂಬರ್ ಅಂಬರೇಶ. ವಯಸ್ಸು ಮೂವತ್ತೈದು, ಬಿಳಿ ಅಂಗಿ, ಎರಡು ಫೋನು, ಬಾಯಿ ಒಂದೇ ಇದ್ದರೂ ಎರಡರ ಕೆಲಸ ಮಾಡುತ್ತಿತ್ತು. "ಹಂಪಣ್ಣ ಕಾಕಾನ ಹೊಲಕ್ಕಿಂತ ಛಲೋದು ಯಾವುದದ?" ಎಂದ. "ದೇವದುರ್ಗ ರೋಡಿಗೇ ಹತ್ತಿಕೊಂಡು ಅದ. ಕಾರು ಬಾಜೂಕ ನಿಲ್ತದ, ಸಾಹೇಬ್ರ ಬೂಟಿಗೆ ಕೆಸರು ಹತ್ತಂಗಿಲ್ಲ. ಕಾಕಾ, ಇವತ್ತಿಂದ ನಿಮ್ಮ ಹೊಲ ಅಂದ್ರ ಇಡೀ ಊರಿನ ಮಾರಿ ನೋಡ್ರಿ. ಇಂಥಾ ದೊಡ್ಡ ಮನಸು ಮತ್ಯಾರಿಗದ?"

ಹಂಪಣ್ಣ ರುಮಾಲು ಸರಿಮಾಡಿಕೊಂಡು "ಆಗ್ಲೇಳು" ಅಂದೇಬಿಟ್ಟ.

ಮನೆಗೆ ಬಂದು ಹೇಳಿದಾಗ ಆದೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಒಮ್ಮೆಲೇ ಜೋರಾಯಿತು. "ಹತ್ತಿ ಹೊಲಾ ತೋರಸ್ರಿ. ಜೋಳದ ಪಟ್ಟಿ ಯಾಕ ಬಿಡಬೇಕು?"

"ಸರ್ವೆ ನಂಬರ್ ಒಂದಽ ಅದಂತ. ಇಡೀ ನಂಬರ್ ಹಂಗಽ ಇರಬೇಕಂತ. ಎಂಟು ದಿನದ ಮಾತು, ನೀ ಯಾಕ ಹಿಂಗ ಹಾರ್ಯಾಡ್ತಿ?"

"ಹಸಿ ನಿಮ್ಮ ಅಂಬರೇಶನ ಮಾತು ಕೇಳಿ ಎಂಟು ದಿನ ಕುಂದರ್ತದೇನು?"

ಕೂರಲಿಲ್ಲ. ಎಂಟು ದಿನ ಹದಿನೈದಾದವು. ತಂಡ ಬೆಂಗಳೂರಿನಲ್ಲಿದೆ ಎಂದರು. ಆಮೇಲೆ ಕಲಬುರಗಿಗೆ ಬಂದಿದೆ ಎಂದರು. ಅಷ್ಟರಲ್ಲಿ ದೀಪಾವಳಿ ಬಂತು, ತಂಡದವರೂ ಮನುಷ್ಯರಲ್ಲವೇ, ಊರಿಗೆ ಹೋದರು. ಇತ್ತ ಯರಗುಂಟಿಯಲ್ಲಿ ಎಲ್ಲರೂ ಕೊಳೆತ ಹತ್ತಿ ಕಿತ್ತು ಬದುವಿಗೆ ಒಗೆದು, ಕೂರಿಗೆ ಹೂಡಿ ಜೋಳ ಬಿತ್ತಿದರು. ಮೊದಲು ಬಿತ್ತಿದವನು ಅಂಬರೇಶನೇ. ಆದೆಮ್ಮ ದಿನಾ ಹೊಲಕ್ಕೆ ಹೋಗಿ ಬೆರಳು ಊರಿ ನೋಡುವಳು. ಮೊದಲ ವಾರ ಹಸಿ ಬೆರಳ ಮೊದಲ ಗೆಣ್ಣಿನಲ್ಲಿತ್ತು, ಆಮೇಲೆ ಎರಡನೆಯದಕ್ಕೆ ಇಳಿಯಿತು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುತ್ತಿದ್ದ ಮಣ್ಣು ಪುಡಿಪುಡಿಯಾಗಿ ಉದುರತೊಡಗಿತು.

ಒಂದು ದಿನ ಬಸ್ಸಿನಿಂದ ಇಳಿಯುತ್ತಿದ್ದ ಶೇಷಗಿರಿಯನ್ನು ದಾರಿಯಲ್ಲೇ ತಡೆದಳು. "ಸಾಹೇಬ್ರ, ನಾ ನಾಳೆ ಬಿತ್ತಾಕಿ ನೋಡ್ರಿ."

"ಹಂಗ ಮಾಡಬ್ಯಾಡ್ರಿ ಆದೆಮ್ಮಾ. ನಾಳೆ ಅವರು ಬಂದ್ರ ಏನು ತೋರಿಸ್ಲಿ? ಎಲ್ಲಾ ಹೊಲಾ ಹಸರು ಕಂಡ್ರ, ಇವರಿಗೇನಾಗ್ಯದ ಧಾಡಿ ಅಂತ ಇಡೀ ಊರಿನ ಹೆಸರು ಹೊಡದು ಹಾಕ್ತಾರ. ಇನ್ನೊಂದು ನಾಲ್ಕು ದಿನ, ನನ್ನ ಮಾತು ಕೇಳ್ರಿ."

"ಒಂದು ಕಾಗದದ ಮ್ಯಾಲೆ ಬರದು ಕೊಡ್ರಿ, ನೀವಽ ಬಿತ್ತಬ್ಯಾಡಂದೀರಿ ಅಂತ."

ಶೇಷಗಿರಿ ನಕ್ಕ. "ಇಂಥಾದ್ದಕ್ಕೆಲ್ಲ ಕಾಗದ ಇರಂಗಿಲ್ಲರೀ. ಎಲ್ಲಾ ಬಾಯಿಮಾತು, ವಿಶ್ವಾಸ."

ಅಂದು ಸಂಜೆ ಊರಿಗೆ ಊರೇ ಅಂಗಳಕ್ಕೆ ಬಂದು ಕೂತಿತು. ಅಳಬೇಕಾದವರು ಅತ್ತರು, ಕೈ ಮುಗಿಯಬೇಕಾದವರು ಮುಗಿದರು. "ಚಿಗವ್ವಾ, ನಿನ್ನ ಒಂದು ಹೊಲದ ಮ್ಯಾಲೆ ನೂರಾ ನಲವತ್ತು ಮನಿ ಅದಾವ" ಎಂದ ಅಂಬರೇಶ. "ನಿನ್ನ ಜೋಳದ ಚಿಂತಿ ನಮಗ ಬಿಡು." ಆದೆಮ್ಮ ಆ ಮುಖಗಳನ್ನು ನೋಡಿದಳು. ಬಾಣಂತನಕ್ಕೆ ಬಂದವರು, ಹೆಣ ಹೊತ್ತವರು, ಹಬ್ಬಕ್ಕೆ ಹೋಳಿಗೆ ಕೊಟ್ಟವರು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ, ಹಾಳಾದ ಹೊಲ ಹಾಳಾಗದ ಹಾಗೆ ಕಾಯುವ ಕೆಲಸ. ಕುರಿ ಮೇಕೆ ಹೊಕ್ಕಾವೆಂದು ಸುತ್ತ ಜಾಲಿ ಮುಳ್ಳು ಬಡಿಸಿದರು. ಆ ಕಡೆ ದನ ಹೊಡೆದುಕೊಂಡು ಹೋದವರಿಗೆ ಅಂಬರೇಶ ಬಾಯಿಗೆ ಬಂದ ಹಾಗೆ ಬೈದ. ನವೆಂಬರಿನಲ್ಲಿ ಒಂದು ತುಂತುರು ಬಿದ್ದು ಹೊಲದ ತುಂಬ ಕಸ ಚಿಗುರಿತು. ಎಳೆ ಹಸಿರು, ನೋಡಲು ಬಲು ಚೆಂದ. ಅಂಬರೇಶ ಹೌಹಾರಿದ. ಹಸಿರು ಕಂಡರೆ ಕೆಲಸ ಕೆಟ್ಟಿತು! ಕೂಡಲೇ ಗದ್ದೆಮ್ಮನಿಗೆ ಕೂಲಿ ಗೊತ್ತು ಮಾಡಿ ಕಸ ತೆಗೆಸಲು ಹಚ್ಚಿದ.

ಗದ್ದೆಮ್ಮ ಅರವತ್ತು ದಾಟಿದ ಮುದುಕಿ. ಹೊಲವಿಲ್ಲ, ಮನೆಯೆಂದರೆ ನಾಲ್ಕು ತಗಡು. ಯರಗುಂಟಿಯಲ್ಲಿ ಆಕೆಯ ಕಸ ತೆಗೆಯುವ ಕುರ್ಪಿ ಮುಟ್ಟದ ಹೊಲವಿಲ್ಲ. ಆದೆಮ್ಮ ಬುತ್ತಿ ಹಿಡಿದು ಹೋದಾಗ ಆಕೆ ಕೊಳೆತ ಹತ್ತಿಗಿಡಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತು ಕಸ ಕೀಳುತ್ತ ತನ್ನಷ್ಟಕ್ಕೆ ನಗುತ್ತಿದ್ದಳು.

"ಯಾಕಬೇ ಯಕ್ಕಾ, ಒಬ್ಬಾಕೀ ನಗಾಕತ್ತಿ?"

"ಏನಿಲ್ಲ ತಂಗಿ. ಐವತ್ತು ವರ್ಷ ಬೆಳಿ ಬರ್ಲಿ ಅಂತ ಕಸಾ ತೆಗದೀನಿ. ಇವತ್ತು ಬರಬಾರದು ಅಂತ ತೆಗಿಯಾಕತ್ತೀನಿ. ಕುರ್ಪಿಗೆ ಫರಕು ಗೊತ್ತಾಗವಲ್ದು."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಆದೆಮ್ಮ ಬೆರಳು ಊರಿ ನೋಡಿದಳು. ಮೂರು ಗೆಣ್ಣು ಇಳಿದರೂ ಒಣ ಮಣ್ಣೇ. ಇನ್ನು ಬಿತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆಕೆಯ ಹೊಲ ಹಿಂಗಾರಿಯಲ್ಲಿ ಬರಿದಾಗಿ ಉಳಿಯಿತು. ಬದುವಿನ ಮೇಲೆ ಕೂತು, ಗದ್ದೆಮ್ಮನ ಎದುರಿಗೇ ಸೆರಗಿನಿಂದ ಮೂಗು ಒರೆಸಿಕೊಂಡಳು.

ಅಂದು ಅನ್ನಪೂರ್ಣಳಿಗೆ ತಾನೇ ಫೋನು ಮಾಡಿದಳು. "ಈ ವರ್ಷ ಜೋಳ ಇಲ್ಲ ಮಗಳೇ" ಅಂದಳು. "ಹೋಗ್ಲಿ ಬಿಡು ಯವ್ವಾ, ಅನ್ನಾನೂ ರೂಢಿ ಆಗ್ಯದ" ಎಂದಳು ಮಗಳು. ಬೇಕಿದ್ದರೆ ಜಗಳ ಆಡಲಿ, ಅಳಲಿ, ತಡೆದುಕೊಳ್ಳಬಹುದು. ಈ ಸಮಾಧಾನದ ಮಾತು ತಾಯಿಗೆ ತಡೆಯಲಾಗಲಿಲ್ಲ.

ಡಿಸೆಂಬರ್ ನಡುವೆ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಊರಲ್ಲಿ ನಾಯಿ ಸಹ ಇರುವುದಿಲ್ಲ. ಗಾಡಿ ಕಟ್ಟಿ, ಟ್ರ್ಯಾಕ್ಟರ್ ಹತ್ತಿ, ಹೊಸ ಸೀರೆ ಉಟ್ಟು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಸಜ್ಜೆ ರೊಟ್ಟಿ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬೆಳೆಯ ನಡುವೆ ಐದು ಕಲ್ಲಿಟ್ಟು ಪೂಜೆ ಮಾಡಿ, ಬಸುರಿ ಭೂಮಿತಾಯಿಗೆ ಬಯಕೆ ಊಟವೆಂದು ಹೊಲದ ತುಂಬ ಚರಗ ಚೆಲ್ಲುತ್ತಾರೆ. ಚರಗ ಎಂದರೆ ಮಾಡಿದ ಅಡುಗೆಯನ್ನೆಲ್ಲ ಕಲಸಿ ಬೆಳೆಗೆ ಎರಚುವುದು. ಆಮೇಲೆ ಊಟ, ಹಾಡು, ಕೇಕೆ.

ಬೆಳಿಗ್ಗೆ ಹತ್ತರ ಸುಮಾರಿಗೆ ಕುರ್ಡಿಯಿಂದ ಫೋನು ಬಂತು. "ಯವ್ವಾ, ಆ ಸಾಹೇಬ್ರು ನಿನ್ನೆ ನಮ್ಮ ಕಡೆ ಬಂದಿದ್ರು. ಕಾರಿನ್ಯಾಗ ಕುಂತಽ ಗದ್ದಿ ನೋಡಿದ್ರು, ಮಲ್ಲಟದಾಗ ಉಂಡ್ರಂತ. ಇವತ್ತು ದೇವದುರ್ಗದ ಕಡೆ ಅಂತ!" ಆದೆಮ್ಮ ಇನ್ನೂ ಫೋನು ಇಳಿಸಿರಲಿಲ್ಲ, ಅತ್ತ ಶೇಷಗಿರಿ ಅಂಬರೇಶನಿಗೂ ಅದನ್ನೇ ಹೇಳುತ್ತಿದ್ದ. ಎರಡು ತಿಂಗಳು ಕಾಯಿಸಿದ ತಂಡ, ವರ್ಷದ ಮುನ್ನೂರ ಅರವತ್ತೈದು ದಿನ ಬಿಟ್ಟು ಇವತ್ತೇ ಬರುತ್ತಿದೆ. ಊರೆಂಬ ಊರೇ ಎದೆಮಟ್ಟ ಹಸಿರು ಜೋಳದಲ್ಲಿ ನಿಂತು ಕಡುಬು ತಿನ್ನುತ್ತಿರುವ ದಿನ!

ಅಂಬರೇಶ ಕಡುಬು ಬಿಟ್ಟು ಎದ್ದ. ಮೊದಲು ಮಹಮ್ಮದ್ ಹುಸೇನನ ನೀರಿನ ಟ್ಯಾಂಕರ್ ತರಿಸಿ ಆದೆಮ್ಮನ ಹೊಲದ ರಸ್ತೆಯ ಬದಿಗೆ ಖಾಲಿ ಮಾಡಿಸಿದ, ನೀರು ನಿಂತ ಹಾಗೆ ಕಾಣಲೆಂದು. ತಿಂಗಳಿಂದ ಒಂದು ಹನಿ ಕಾಣದ ಹೊಲ ಒಂದೇ ಗಳಿಗೆಯಲ್ಲಿ ಕೆಸರಾಯಿತು. ಜನರನ್ನು ಮನೆಗೆ ಅಟ್ಟಲು ನೋಡಿದ, ಯಾರೂ ಕೇಳಲಿಲ್ಲ. ಹಬ್ಬ ಬಿಟ್ಟು ಯಾರು ಹೋಗುತ್ತಾರೆ?

ಹಂಪಣ್ಣ ತಮ್ಮನ ಹೊಲಕ್ಕೆ ಚರಗಕ್ಕೆ ಹೋಗಿದ್ದ. ಆದೆಮ್ಮ ಹೋಗಲಿಲ್ಲ. ಇನ್ನೊಬ್ಬರ ಬೆಳೆಗೆ ನಾನೇನು ಎರಚಲಿ ಎಂದಿದ್ದಳು. ಒಬ್ಬಳೇ ಬುಟ್ಟಿ ಹೊತ್ತು ತನ್ನ ಹೊಲಕ್ಕೇ ಬಂದು, ಕೊಳೆತ ಗಿಡಗಳ ನಡುವೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿದಳು. ಕೈಯಲ್ಲಿ ಚರಗದ ಪಾತ್ರೆ ಇತ್ತು, ಎರಚಲು ಬೆಳೆ ಇರಲಿಲ್ಲ. ಸುಮ್ಮನೆ ಆ ಕಲ್ಲುಗಳ ಮುಂದೆ ಕುಳಿತುಬಿಟ್ಟಳು.

ಮೂರು ಬಿಳಿ ಕಾರು ಬಂದು ನಿಂತವು. ಇಳಿದವರಲ್ಲಿ ದೊಡ್ಡ ಸಾಹೇಬರು ಉತ್ತರದ ಕಡೆಯವರು, ಬರೀ ಹಿಂದಿ. ರಸ್ತೆಯ ಆಚೆ ಬದಿಗೆ ಹಸಿರು ಜೋಳ ತೂಗುತ್ತಿತ್ತು, ಅದರೊಳಗಿಂದ ಕೇಕೆ ಕೇಳುತ್ತಿತ್ತು. ಹೆಂಗಸರು ಅನ್ನ ಎರಚುತ್ತ ಓಡಾಡುತ್ತಿದ್ದರು. ಸಾಹೇಬರು ಹುಬ್ಬು ಗಂಟಿಕ್ಕಿ, ಇದೇನು ನಡೆಯುತ್ತಿದೆ ಎಂದು ಕೇಳಿದರು. ಶೇಷಗಿರಿಯ ಹಣೆಯ ಅಕ್ಷತೆ ಬೆವರಿನಲ್ಲಿ ಇಳಿಯಿತು. ಅಂಬರೇಶ ಮಾತ್ರ ಗಾಬರಿಯಾಗಲಿಲ್ಲ. ಇಲ್ಲಿ ಆ ಹುಡುಗನ ಬುದ್ಧಿಗೆ ಶಹಬ್ಬಾಸ್ ಎನ್ನಲೇಬೇಕು.

"ಫಸಲ್ ಮರ್‌ಗಯಾ ಸಾಬ್" ಎಂದ ತಲೆ ತಗ್ಗಿಸಿ. "ಉಸ್ಕೂ ಖಾನಾ ಡಾಲ್ತೇ."

ಅಂದರೆ ಸತ್ತ ಹತ್ತಿಗೆ ಊರವರು ಎಡೆ ಇಡುತ್ತಿದ್ದಾರೆ. ಬೆಳೆಗೆ ತಿಥಿ! ಸಾಹೇಬರು ಬೆರಗಾದರು. ಇಷ್ಟು ವರ್ಷದ ನೌಕರಿಯಲ್ಲಿ ಹೀಗೆ ಬೆಳೆಗಾಗಿ ಶ್ರಾದ್ಧ ಮಾಡುವ ರೈತರನ್ನು ಅವರು ಕಂಡಿರಲಿಲ್ಲ. ಆ ಕೂಗು ಏನೆಂದು ಕೇಳಿದರು. "ರೋತೇ ಸಾಬ್" ಎಂದ ಅಂಬರೇಶ, ಅಂದರೆ ಅಳುತ್ತಿದ್ದಾರೆ. ಸಾಹೇಬರು ಕಪ್ಪು ಕನ್ನಡಕ ತೆಗೆದು, ಕಡುಬು ತಿಂದು ಕೇಕೆ ಹಾಕುತ್ತಿದ್ದ ಯರಗುಂಟಿಯ ಕಡೆ ತಿರುಗಿ, ಎರಡು ನಿಮಿಷ ಮೌನವಾಗಿ ನಿಂತರು. ಜೊತೆಗಿದ್ದವರೂ ನಿಂತರು. ಶೇಷಗಿರಿಯೂ ಕೈ ಕಟ್ಟಿ ನಿಂತ.

ಆಮೇಲೆ ಈ ಕಡೆ ತಿರುಗಿದರು. ಕೆಸರು, ಕಪ್ಪು ಹತ್ತಿಗಿಡ, ನಡುವೆ ಒಬ್ಬ ಹೆಂಗಸು. ಆದೆಮ್ಮ ಅಳುತ್ತಿದ್ದಳು. ಯಾರೂ ಅಳು ಎಂದು ಹೇಳಿರಲಿಲ್ಲ. ಕಾರು ಬಂದದ್ದನ್ನೂ ಆಕೆ ನೋಡಿರಲಿಲ್ಲ. ಭಲೇ ಚಿಗವ್ವಾ, ಏನು ಆಕ್ಟಿಂಗು ಎಂದು ಅಂಬರೇಶನಿಗೇ ಆಶ್ಚರ್ಯವಾಯಿತು. ಸಾಹೇಬರು ಬೂಟು ಕೆಸರಾಗುವುದನ್ನೂ ಲೆಕ್ಕಿಸದೆ ಹತ್ತಿರ ಹೋದರು. ಮನುಷ್ಯ ಕೆಟ್ಟವರಲ್ಲ, ದಡ್ಡರೂ ಅಲ್ಲ. ಕೇಳಬೇಕಾದ ಒಂದೇ ಮಾತನ್ನು ಅವರೊಬ್ಬರೇ ಕೇಳಿದರು: ಸುತ್ತಲಿನವರೆಲ್ಲ ಮತ್ತೆ ಬಿತ್ತಿದ್ದಾರೆ, ಈ ತಾಯಿ ಯಾಕೆ ಬಿತ್ತಿಲ್ಲ?

ಅಂಬರೇಶ ಕನ್ನಡ ಮಾಡಿ ಹೇಳಿದ. ಆದೆಮ್ಮ ಎದ್ದು ನಿಂತಳು. ಅಂಬರೇಶನ ಕಡೆ ನೋಡಲಿಲ್ಲ, ಸಾಹೇಬರನ್ನೇ ನೋಡಿ ಹೇಳಿದಳು: "ನೀವು ನೋಡಾಕ ಬರ್ತೀರಂತ್ಹೇಳಿ ಬಿತ್ತಾಕ ಬಿಡಲಿಲ್ರಿ. ಎರಡು ತಿಂಗಳಿಂದ ನಿಮ್ಮ ದಾರೀನಽ ಕಾಯಾಕತ್ತೀನಿ. ನನ್ನ ಜೋಳ ಹೋತು."

"ಆಪ್ ಕಾ ರಾಹ್ ದೇಖ್ ರಹೀ ಥೀ ಸಾಬ್" ಎಂದ ಅಂಬರೇಶ. ನಿಮ್ಮ ದಾರಿ ಕಾಯುತ್ತಿದ್ದಳು, ಅಷ್ಟೇ.

ಅವನ ತರ್ಜುಮೆಯಲ್ಲಿ ತಪ್ಪು ಹುಡುಕಿ ನೋಡಿ, ಸಿಗುವುದಿಲ್ಲ. ಸಾಹೇಬರು ಆದೆಮ್ಮನಿಗೆ ಕೈ ಮುಗಿದರು, ಫೋಟೋ ತೆಗೆಸಿದರು. ಮರುದಿನ ಪೇಪರಿನಲ್ಲಿ ಆ ಫೋಟೋ ಬಂತು. ಹಂಪಣ್ಣ ಅದನ್ನು ಕತ್ತರಿಸಿ ದೇವರ ಜಗುಲಿಯ ಪಕ್ಕ ಅಂಟಿಸಿದ. ಆದೆಮ್ಮ ಅದರ ಮೇಲೆ ಒಂದು ಕ್ಯಾಲೆಂಡರು ತೂಗುಹಾಕಿದಳು.

ಜನವರಿಯ ಕೊನೆಗೆ ಪರಿಹಾರ ಬಂತು. ಬೆಳಿಗ್ಗೆಯಿಂದ ಊರ ಮೊಬೈಲುಗಳೆಲ್ಲ ಒಂದಾದ ಮೇಲೊಂದು ಟಿಂಗ್ ಎಂದವು. ಹಂಪಣ್ಣನ ಮೊಬೈಲು ಮಾತ್ರ ಮೂಗನಂತೆ ಕೂತಿತ್ತು. ಸಂಜೆಯವರೆಗೆ ಅದನ್ನು ಅಂಗೈಯಲ್ಲಿ ಹಿಡಿದೇ ಕೂತವನು, ಚಾರ್ಜು ಮುಗಿದ ಮೇಲೆ ಪಕ್ಕಕ್ಕಿಟ್ಟ. ಹೊಲ ಇರುವುದು ಆದೆಮ್ಮನ ಹೆಸರಿನಲ್ಲಿ, ಮಾವ ಬರೆದುಕೊಟ್ಟದ್ದು. ಹಾಗಾಗಿ ಮರುದಿನ ಆಕೆಯೇ ಪಂಚಾಯ್ತಿ ಕಟ್ಟಡದ ಮೂಲೆಯ ಕೋಣೆಗೆ ಹೋಗಿ ಶೇಷಗಿರಿಯ ಮುಂದೆ ನಿಂತಳು.

ಶೇಷಗಿರಿ ಪಟ್ಟಿ ನೋಡಿದ, ಕಂಪ್ಯೂಟರ್ ನೋಡಿದ, ಆಮೇಲೆ ಕಿಟಕಿಯ ಕಡೆ ನೋಡಿದ. "ಹಿಂಗಾರಿ ಸಮೀಕ್ಷಾಕ ಬಂದ ಹುಡುಗ್ರು ನಿಮ್ಮ ನಂಬರಿಗೆ ‘ಬೀಳು’ ಅಂತ ಒತ್ತಿಬಿಟ್ಟಾರರೀ. ಏನೂ ಬಿತ್ತಿಲ್ಲಂದ್ರ ಬೀಳಽ ಅಲ್ರೀ ಮತ್ತ? ಬೀಳು ಜಮೀನಿಗೆ ಪರಿಹಾರ ಇಲ್ಲ. ಕಂಪ್ಯೂಟರ್ ಕಡೀಕ ಬಂದದ್ದನ್ನಽ ಓದ್ತದ."

"ನನ್ನ ಹೊಲಾ ನೋಡಿ ಊರಿಗೆಲ್ಲ ಕೊಟ್ಟಾರಲ್ರಿ?"

"ಹೌದು."

"ನನಗ ಇಲ್ಲ?"

"ತಕರಾರು ಅರ್ಜಿ ಕೊಡ್ರಿ" ಎಂದ ಶೇಷಗಿರಿ, ನಿಜವಾಗಿಯೂ ಮರುಗಿ. ತಾನೇ ಒಂದು ಕಾಗದದ ಮೇಲೆ ಪಂಚನಾಮೆ ಬರೆದುಕೊಟ್ಟ. ಬರಹ ಮುತ್ತಿನಂತಿತ್ತು: ಸದರಿ ಜಮೀನನ್ನು ತಂಡಕ್ಕೆ ತೋರಿಸುವ ಸಲುವಾಗಿ ಬಿತ್ತದೆ ಉಳಿಸಲಾಗಿತ್ತು, ಊರಿನ ಉಳಿದ ಜಮೀನುಗಳಲ್ಲಿ ಅಕ್ಟೋಬರ್ ತಿಂಗಳಲ್ಲೇ ಜೋಳ ಬಿತ್ತಲಾಗಿತ್ತು, ಇದು ಸತ್ಯ. ಯಾರು ಉಳಿಸಲು ಹೇಳಿದರು ಎಂಬುದು ಅದರಲ್ಲಿ ಇರಲಿಲ್ಲ. ಕೆಳಗೆ ಐವರು ಪಂಚರ ಸಹಿಗೆ ಐದು ಗೆರೆ. "ಊರಿನ ಖಾತೇದಾರರು ಆಗಬೇಕು. ಐದು ಸಹಿ ತರ್ರಿ, ಮುಂದಿಂದು ನಾ ನೋಡ್ತೀನಿ."

ಐದು ಸಹಿ! ನೂರಾ ನಲವತ್ತು ಮನೆಯಲ್ಲಿ ಐದು ಸಹಿ ಏನು ದೊಡ್ಡ ಮಾತು? ಆದೆಮ್ಮ ಆ ಸಂಜೆಯೇ ಹೊರಟಳು. ಮೊದಲು ಮೈದುನನ ಮನೆ. ಅವನು ಓದಿದ, ಇನ್ನೊಮ್ಮೆ ಓದಿದ. "ಅತ್ತಿಗೀ, ‘ಉಳಿದ ಜಮೀನಿನಾಗ ಜೋಳ ಬಿತ್ತಿದ್ವಿ’ ಅಂತ ಅದ. ಇದಕ್ಕ ಸಹಿ ಹಾಕಿದ್ರ, ತಂಡಕ್ಕ ಸುಳ್ಳು ತೋರಿಸೀರಿ ಅಂತ ನಮ್ಮ ರೊಕ್ಕ ವಾಪಸ್ ಕೇಳಿದ್ರ?" ಎಂದ. ಬಾಯಿ ಒಣಗಿಸಿಕೊಂಡು ಕೂತ ಅತ್ತಿಗೆಯನ್ನು ನೋಡಿ ಅವನ ಹೆಂಡತಿ ಒಳಗೆ ಹೋದಳು. ನೆಲದೊಳಗಿನ ಹಗೇವಿನ ಹಳೆಯ ಜೋಳ ಒಂದು ಸೇರು ತಂದು ಆದೆಮ್ಮನ ಉಡಿಗೆ ಸುರಿದು, "ಬರಿ ಉಡೀಲೆ ಹೋಗಬ್ಯಾಡ ಯಕ್ಕಾ" ಅಂದಳು.

ಎರಡನೆಯ ಮನೆಯಲ್ಲೂ ಅದೇ. ಮೂರನೆಯದರಲ್ಲೂ ಅದೇ. ಕಾಗದ ನೋಡಿದ ಕೂಡಲೇ ಗಂಡಸರಿಗೆ ಕನ್ನಡಕ ಸಿಗುತ್ತಿರಲಿಲ್ಲ, ಮಗನನ್ನು ಕೇಳಬೇಕಿತ್ತು. ಹೆಂಗಸರು ಮಾತ್ರ ಉಡಿ ತುಂಬಿದರು, ಕೆಲವರು ಅರಿಷಿಣ ಕುಂಕುಮವನ್ನೂ ಕೊಟ್ಟರು. ಊರಿನ ಸಲುವಾಗಿ ಹೊಲ ಬಿಟ್ಟ ಪುಣ್ಯವಂತಿ ಎಂದು ಒಬ್ಬಳು ಕಾಲಿಗೆ ಬಿದ್ದಳು. ಅಂಬರೇಶನಂತೂ ಒಂದು ಚೀಲ ಜೋಳ ಗಾಡಿಯ ಮೇಲೆ ಕಳಿಸಿದ. ಸಹಿಯ ಮಾತಿಗೆ, "ಚಿಗವ್ವಾ, ನಾ ಮೆಂಬರ್ ಇದ್ದೀನಿ, ನಂದು ಬರಂಗಿಲ್ಲ, ಕಾನೂನು ಅದ" ಎಂದ. ಹನ್ನೊಂದು ಮನೆ ತಿರುಗುವಷ್ಟರಲ್ಲಿ ಆದೆಮ್ಮನ ಬಳಿ ಒಂದೂವರೆ ಚೀಲ ಜೋಳ ಇತ್ತು. ಕಾಗದದ ಐದೂ ಗೆರೆ ಖಾಲಿ ಇದ್ದವು. ಆಕೆಗೆ ಮೈಯೆಲ್ಲ ಉರಿಯಿತು. ಬೈಯೋಣವೆಂದರೆ ಯಾರೂ ಕೆಟ್ಟದ್ದು ಮಾತಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಗದ್ದೆಮ್ಮ ತಾನಾಗಿಯೇ ಬಂದು ಬಾಗಿಲಲ್ಲಿ ಕೂತಳು. "ಏನೋ ಕಾಗದ ಹಿಡಕೊಂಡು ತಿರಗಾಕತ್ತೀಯಂತ. ಓದಿ ಹೇಳಬೇ."

ಆದೆಮ್ಮ ಓದಿ ಹೇಳಿದಳು.

"ಖರೇನಽ ಅದಲ್ಲ. ನಾನಽ ಕಸಾ ತೆಗದೀನಿ, ನನಗ ಗೊತ್ತಿಲ್ಲೇನು? ಕೊಡಿಲ್ಲಿ." ಸಹಿ ಬಾರದ ಮುದುಕಿ, ಪಡಸಾಲೆಯಲ್ಲಿದ್ದ ಶಾಯಿಯ ಡಬ್ಬಿಗೆ ಹೆಬ್ಬೆರಳು ಅದ್ದಿ ಮೊದಲ ಗೆರೆಯ ಮೇಲೆ ಒತ್ತಿದಳು. ಎಷ್ಟು ಒತ್ತಿ ಹಿಡಿದಳೆಂದರೆ ಶಾಯಿ ಹಿಂದಿನ ಪುಟಕ್ಕೂ ಇಳಿಯಿತು. "ನನ್ನ ಕಡೆ ಕೊಡಾಕ ಜೋಳ ಇಲ್ಲ ತಂಗಿ, ಸಿಟ್ಟಾಗಬ್ಯಾಡ."

ಆದೆಮ್ಮ ಆ ಒಂದೂವರೆ ಚೀಲವನ್ನೂ ಹಂಪಣ್ಣನ ತಲೆಯ ಮೇಲೆ ಹೊರಿಸಿ, ಎರಡು ಸಲ ತಿರುಗಿಸಿ, ಗದ್ದೆಮ್ಮನ ತಗಡಿನ ಮನೆಗೆ ಮುಟ್ಟಿಸಿದಳು. ಅಷ್ಟು ಜೋಳ ಒಟ್ಟಿಗೆ ಆ ಮನೆ ಯಾವತ್ತೂ ಕಂಡಿರಲಿಲ್ಲ. ಆಮೇಲೆ ಆಕೆ ಕೈ ತೊಳೆದು, ಸೀರೆ ಬದಲಿಸಿ, ಕಾಗದ ಹಿಡಿದು ಶೇಷಗಿರಿಯ ಕೋಣೆಗೆ ಹೋದಳು.

ಶೇಷಗಿರಿ ಕಾಗದವನ್ನು ತಿರುವಿ ತಿರುವಿ ನೋಡಿದ. "ಒಂದಽ ಹೆಬ್ಬೆಟ್ಟು ಅದ."

"ಹೌದ್ರಿ."

"ಗದ್ದೆಮ್ಮಗ ಜಮೀನಿಲ್ಲ. ಖಾತೇದಾರರದು ಬೇಕು ಅಂದಿದ್ನಲ್ರೀ. ಇದು ನಡಿಯಂಗಿಲ್ಲ ಆದೆಮ್ಮಾ."

"ನಡಿಯಂಗಿಲ್ಲಂತ ನನಗೂ ಗೊತ್ತದರಿ. ರೊಕ್ಕ ಕೊಡ್ರಿ ಅಂತ ಬಂದಿಲ್ಲ. ಊರಾಗ ಒಬ್ಬಾಕಿ ಖರೇ ಹೇಳ್ಯಾಳ, ಅದು ನಿಮ್ಮ ಆಫೀಸಿನ್ಯಾಗ ಇರ್ಲಿ. ತಗೊಂಡೀನಂತ ಮುದ್ರಿ ಹೊಡದು ಕೊಡ್ರಿ." ತುಸು ತಡೆದು ಸೇರಿಸಿದಳು, "ಇನ್ನಾ ನಾಕು ಗೆರಿ ಖಾಲಿ ಅದಾವ. ಬಿತ್ತಬ್ಯಾಡ ಅಂದಾವ್ರು ನೀವಽ ಅಲ್ರೀ. ಬೇಕಾದ್ರ ನೀವೂ ಒಂದು ಹಾಕಬಹುದು."

ಶೇಷಗಿರಿಯ ಕಿವಿ ಕೆಂಪಾಯಿತು. ಕಾಗದದ ಆ ಭಾಗದ ಮೇಲೆ ಮೊಣಕೈ ಇಟ್ಟು, ಸ್ವೀಕೃತಿಯ ದೊಡ್ಡ ಪುಸ್ತಕವನ್ನು ಎಳೆದುಕೊಂಡ. ತಾರೀಖು ಬರೆದ. ಹೆಸರು ಬರೆದ, ಆದೆಮ್ಮ ಗಂಡ ಹಂಪಣ್ಣ, ಯರಗುಂಟಿ. ಮುಂದಿನ ಕಾಲಮ್ಮಿಗೆ ಬಂದು ಪೆನ್ನು ನಿಂತಿತು.

"ವಿಷಯ ಏನಂತ ಬರೀಲಿರೀ?"

"ಖರೇ ಮಾತು ಅಂತ ಬರೀರಿ" ಎಂದಳು ಆದೆಮ್ಮ.

ಶೇಷಗಿರಿ ಆ ಕಾಲಮ್ಮಿನಲ್ಲಿ ‘ಇತರೆ’ ಎಂದು ಬರೆದು ಮುದ್ರೆ ಒತ್ತಿದ.